ಓಮ್ನಿಗೆ ಸೀಕ್ರೆಟ್ ಕಟ್‌ಆಫ್ ಸ್ವಿಚ್: ಯಾವ ವೈರ್ ಕತ್ತರಿಸಬೇಕು, ಎಲ್ಲಿ ಅಡಗಿಸಬೇಕು?

ಬೀದಿಬದಿ_ಓಮ್ನಿ (ಪ್ರಶ್ನೆ)

ಗಾಡಿ 2006ರ ಮಾರುತಿ ಓಮ್ನಿ, ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮುವ ಇಂಜಿನ್). ಕೀಯಲ್ಲಿ ಚಿಪ್ ಇಲ್ಲ, ಅಲಾರಂ ಇಲ್ಲ. ಬೆಂಗಳೂರಿನಲ್ಲಿ ರಾತ್ರಿಯಿಡೀ ರಸ್ತೆಬದಿಯಲ್ಲೇ ನಿಲ್ಲುತ್ತದೆ. ಹೊರಗಿನಿಂದ ಕಾಣದ ಒಂದು ಸ್ವಿಚ್ ಹಾಕಿ, ಅದು ಗೊತ್ತಿಲ್ಲದವರು ಗಾಡಿ ಓಡಿಸಲಾಗದಂತೆ ಮಾಡಬೇಕು.

ಎರಡು ಕಡೆ ವಿಚಾರಿಸಿದೆ. ಒಬ್ಬರು ಬ್ಯಾಟರಿಯ ಮೈನಸ್‌ಗೆ ಕಟ್‌ಆಫ್ ಹಾಕಿ ಅನ್ನುತ್ತಾರೆ. ಇನ್ನೊಬ್ಬರು ಇಗ್ನಿಷನ್ ವೈರನ್ನೇ ಕತ್ತರಿಸಿ ಸ್ಟಿಯರಿಂಗ್ ಕೆಳಗೆ ಟಾಗಲ್ ಸ್ವಿಚ್ ಕೂರಿಸುವುದು ವಾಡಿಕೆ ಅನ್ನುತ್ತಾರೆ. ಎರಡೂ ಮನಸ್ಸಿಗೆ ಒಪ್ಪಲಿಲ್ಲ.

ಯಾವ ಸರ್ಕ್ಯೂಟ್ ಮುರಿದರೆ ಒಳ್ಳೆಯದು? ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ, ಕಡಿಯುವ ವಿದ್ಯುತ್ ಸ್ವಿಚ್) ಬೇಕೇ, ಬರಿ ಸ್ವಿಚ್ ಸಾಕೇ? ವೈರ್ ಎಷ್ಟು ದಪ್ಪ ಇರಬೇಕು? ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರ್) ಏನಾದರೂ ತೊಂದರೆ ಆಗುತ್ತದೆಯೇ? ಮಲ್ಟಿಮೀಟರ್ ಇದೆ, ಕ್ರಿಂಪಿಂಗ್ ಪ್ಲೈಯರ್ ಇದೆ, ಮನೆ ವೈರಿಂಗ್ ಕೆಲಸ ಬರುತ್ತದೆ. ಗಾಡಿ ವೈರಿಂಗ್‌ಗೆ ಕೈ ಹಾಕುವುದು ಇದೇ ಮೊದಲು.

ರಿಲೇ_87

ಸರ್, ಮನಸ್ಸಿಗೆ ಒಪ್ಪದ್ದು ಒಳ್ಳೆಯದೇ ಆಯಿತು. ಬ್ಯಾಟರಿ ಕಟ್‌ಆಫ್ ಹಾಕಿದರೆ ಪ್ರತಿ ಸಲವೂ ಇಸಿಯು ಕಲಿತಿದ್ದ ಐಡ್ಲಿಂಗ್ ಲೆಕ್ಕ ಮರೆಯುತ್ತದೆ, ಸ್ಟೀರಿಯೊ ಮೆಮೊರಿ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಗಾಡಿ ಪೂರ್ತಿ ಸತ್ತಿದ್ದರೆ ಯಾರೇ ಆದರೂ ಮೊದಲು ನೋಡುವುದು ಬ್ಯಾಟರಿಯನ್ನೇ. ಅಲ್ಲೇ ಸ್ವಿಚ್ ಕೂತಿರುತ್ತದೆ.

ಇಗ್ನಿಷನ್ ಕಾಯಿಲ್ ವೈರ್ ಕತ್ತರಿಸುವುದು ಕಾರ್ಬುರೇಟರ್ ಕಾಲದ ಅಭ್ಯಾಸ. ಎಂಪಿಎಫ್‌ಐ ಗಾಡಿಯಲ್ಲಿ ಕಿಡಿ ಮಾತ್ರ ನಿಲ್ಲುತ್ತದೆ, ಇಂಜೆಕ್ಟರ್ ಪೆಟ್ರೋಲ್ ಚಿಮ್ಮುತ್ತಲೇ ಇರುತ್ತದೆ. ಕಳ್ಳ ಹತ್ತು ಸಲ ಸೆಲ್ಫ್ ಹೊಡೆದರೆ ಸುಡದ ಪೆಟ್ರೋಲ್ ಪ್ಲಗ್ ನೆನೆಸಿ, ಸಿಲಿಂಡರ್ ಗೋಡೆಯ ಆಯಿಲ್ ತೊಳೆದು, ಕೊನೆಗೆ ಸೈಲೆನ್ಸರ್‌ನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ (ಹೊಗೆ ಶುದ್ಧ ಮಾಡುವ ಭಾಗ) ಹೋಗಿ ಸೇರುತ್ತದೆ. ಮುಂದಿನ ಸಲ ಇಂಜಿನ್ ಹತ್ತಿದಾಗ ಅದು ಅಲ್ಲಿ ಸುಟ್ಟು ಕನ್ವರ್ಟರ್ ಹಾಳು. ಗಾಡಿ ಉಳಿದರೂ ಖರ್ಚು ಬಿತ್ತು.

ನಿಮ್ಮ ಗಾಡಿಗೆ ಸರಿಯಾದ ಜಾಗ ಪೆಟ್ರೋಲ್ ಟ್ಯಾಂಕಿನೊಳಗಿರುವ ಪಂಪ್‌ನ ಪ್ಲಸ್ ವೈರ್. ಅದನ್ನು ಮುರಿದರೆ ಲೈನಿನಲ್ಲಿ ಉಳಿದ ಪ್ರೆಷರ್‌ನಿಂದ ಇಂಜಿನ್ ಹತ್ತುತ್ತದೆ, ಕೆಲವು ಸೆಕೆಂಡ್ ಓಡಿ ತಾನಾಗಿ ನಿಲ್ಲುತ್ತದೆ. ನೋಡುವವನಿಗೆ ಪೆಟ್ರೋಲ್ ಖಾಲಿ ಅನ್ನಿಸುತ್ತದೆ, ಸ್ವಿಚ್ ಹುಡುಕುವ ಯೋಚನೆಯೇ ಬರುವುದಿಲ್ಲ.

ಈಗ ಮುಖ್ಯ ಮಾತು. ಬಹಳ ಜನ ರಿಲೇಯನ್ನು "ಸ್ವಿಚ್ ಒತ್ತಿದರೆ ಪಂಪ್ ಓಡುತ್ತದೆ" ಎಂಬಂತೆ ಜೋಡಿಸುತ್ತಾರೆ. ಅಂದರೆ ಓಡಿಸುವಷ್ಟು ಹೊತ್ತೂ ಆ ರಿಲೇ ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತಿರಬೇಕು. ಒಂದು ಟರ್ಮಿನಲ್ ಸಡಿಲವಾದರೆ ನೆಲಮಂಗಲ ಫ್ಲೈಓವರ್ ಮೇಲೆ, ಹಿಂದೆ ಲಾರಿ ಇರುವಾಗ, ಇಂಜಿನ್ ನಿಲ್ಲುತ್ತದೆ. ಬ್ರೇಕ್ ಬೂಸ್ಟರ್ ಇರುವ ಗಾಡಿಯಾದರೆ ಉಳಿದ ವ್ಯಾಕ್ಯೂಮ್ ಎರಡು ಮೂರು ಒತ್ತಿಗೆ ಬರುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಆದ್ದರಿಂದ ತಿರುಗಿಸಿ ಜೋಡಿಸಿ: ರಿಲೇ ಸುಮ್ಮನಿದ್ದಾಗ ಪಂಪ್ ಓಡಬೇಕು, ರಿಲೇ ಕೆಲಸ ಮಾಡಿದಾಗ ಪಂಪ್ ನಿಲ್ಲಬೇಕು. ಇದಕ್ಕೆ 87ಎ ಕಾಲಿರುವ ರಿಲೇ ಬೇಕು. ರಿಲೇ ಕಾಲುಗಳ ಸಂಖ್ಯೆ ಹೀಗೆ: 85 ಮತ್ತು 86 ಕಾಯಿಲ್‌ನ ಎರಡು ತುದಿ. 30 ಕರೆಂಟ್ ಬರುವ ಕಾಲು, ಅದು ರಿಲೇ ಸುಮ್ಮನಿದ್ದಾಗ 87ಎಗೆ, ಕೆಲಸ ಮಾಡಿದಾಗ 87ಕ್ಕೆ ಕೂಡುತ್ತದೆ.

ಸಾಮಾನು: 12 ವೋಲ್ಟ್ 30/40 ಆಂಪಿಯರ್ ಐದು ಕಾಲಿನ ರಿಲೇ, ವೈರ್ ಸಮೇತ ಅದರ ಸಾಕೆಟ್, 1.5 ಚದರ ಮಿ.ಮೀ. ಗಾಡಿ ವೈರ್ ಒಂದು ಮೀಟರ್, ಸ್ವಿಚ್‌ಗೆ 0.75ರದ್ದು ಮೂರು ಮೀಟರ್, 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು) ಒಂದು, ಬಟ್ ಕನೆಕ್ಟರ್ (ಎರಡು ವೈರ್ ತುದಿ ಒತ್ತಿ ಕೂಡಿಸುವ ಕೊಳವೆ) ನಾಲ್ಕು, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ಜೋಡಣೆ ಮುಚ್ಚುವುದು). ರಿಲೇ ಜೆ.ಸಿ. ರಸ್ತೆಯಲ್ಲಿ, ಡಯೋಡ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಐದು ಕಾಲು ಇದ್ದ ಮಾತ್ರಕ್ಕೆ 87ಎ ಇದೆ ಅಂದುಕೊಳ್ಳಬೇಡಿ. ಎರಡೂ 87 ಇರುವ ರಿಲೇಗಳೂ ಅಂಗಡಿಯಲ್ಲಿ ಅದೇ ಡಬ್ಬಿಯಲ್ಲಿರುತ್ತವೆ. ಮೈಮೇಲೆ ಅಚ್ಚಾಗಿರುವ ಚಿತ್ರ ನೋಡಿ, ಮೀಟರ್ ಬಝರ್‌ನಲ್ಲಿ 30 ಮತ್ತು 87ಎ ನಡುವೆ ಶಬ್ದ ಬರುತ್ತದೆಯೇ ಪರೀಕ್ಷಿಸಿ ಕೊಳ್ಳಿ.

ಪಂಪ್ ವೈರ್ ಗುರುತಿಸುವಾಗ ಬಣ್ಣ ನಂಬಬೇಡಿ. ಇಷ್ಟು ಹಳೆಯ ಗಾಡಿಯಲ್ಲಿ ಯಾರು ಯಾವ ವೈರ್ ಬದಲಿಸಿದ್ದಾರೋ. ಮೀಟರಿನ ಕಪ್ಪು ಕಡ್ಡಿ ಬಾಡಿಗೆ, ಕೆಂಪು ಕಡ್ಡಿಯನ್ನು ಟ್ಯಾಂಕಿನ ಪಂಪ್ ಕನೆಕ್ಟರಿನ ಹಿಂಬದಿಯಿಂದ ವೈರ್ ಪಕ್ಕದಲ್ಲಿ ತೂರಿಸಿ. ಕೀ ಆನ್ ಮಾಡಿದ ಕ್ಷಣ ಟ್ಯಾಂಕಿನಿಂದ ಸಣ್ಣಗೆ ಗುಂಯ್ ಅನ್ನುವ ಸದ್ದು ಎರಡು ಮೂರು ಸೆಕೆಂಡ್ ಬಂದು ನಿಲ್ಲುತ್ತದೆ. ಅಷ್ಟು ಹೊತ್ತು ಮಾತ್ರ 12 ವೋಲ್ಟ್ ತೋರಿಸಿ ಸೊನ್ನೆಗೆ ಇಳಿಯುವ, ಇಂಜಿನ್ ಓಡುವಾಗ 13.5ರಿಂದ 14.2 ತೋರಿಸುವ ವೈರೇ ಪಂಪ್‌ನದು. ಅದೇ ಕನೆಕ್ಟರಿನಲ್ಲಿ ಪೆಟ್ರೋಲ್ ಗೇಜ್ ವೈರೂ ಇರುತ್ತದೆ. ಅದರ ವೋಲ್ಟೇಜ್ ಕಡಿಮೆ, ಟ್ಯಾಂಕಿನ ಮಟ್ಟಕ್ಕೆ ತಕ್ಕಂತೆ ಬದಲಾಗುತ್ತದೆ. ಅದಕ್ಕೆ ಕೈ ಹಾಕಬೇಡಿ. ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಇಸಿಯು ವೈರುಗಳ ಹತ್ತಿರವೂ ಬೇಡ, ಅದು ಎಳೆಯುವ ಕರೆಂಟ್ ಇಸಿಯುನ ಒಳಗಿನ ಡ್ರೈವರ್ ಸುಡಬಹುದು.

ವೈರ್ ಗುರುತಿಸಿದ ಜಾಗದಲ್ಲೇ, ಅಂದರೆ ಟ್ಯಾಂಕಿನ ಬಳಿ, ಕತ್ತರಿಸಬೇಡಿ. ಅಲ್ಲಿ ಪೆಟ್ರೋಲ್ ಆವಿ ಇರುತ್ತದೆ, ಹೀಟ್ ಶ್ರಿಂಕ್‌ಗೆ ಲೈಟರ್ ಹಿಡಿಯುವ ಜಾಗ ಅದಲ್ಲ. ಅದೇ ವೈರನ್ನು ಒಳಗಡೆ, ಗಾಡಿಯ ಮೂಲ ಪಂಪ್ ರಿಲೇಗೂ ಟ್ಯಾಂಕಿಗೂ ನಡುವೆ ಕಾರ್ಪೆಟ್ ಕೆಳಗೆ ಹಾದುಹೋಗುವ ಕಡೆ ಹಿಡಿಯಿರಿ. ಮೊದಲು ಬ್ಯಾಟರಿ ಮೈನಸ್ ಬಿಚ್ಚಿ, ಆಮೇಲೆ ಆ ಪಂಪ್ ವೈರ್ ಕತ್ತರಿಸಿ. ಪಂಪ್ ರಿಲೇ ಕಡೆಯಿಂದ ಬರುವ ತುದಿ ನಮ್ಮ ರಿಲೇಯ 30ಕ್ಕೆ, ಪಂಪ್ ಕಡೆಗೆ ಹೋಗುವ ತುದಿ 87ಎಗೆ. 30ರಿಂದಲೇ ಒಂದು ಸಣ್ಣ ವೈರ್ 86ಕ್ಕೆ. 85ರಿಂದ ಸ್ವಿಚ್, ಸ್ವಿಚ್‌ನಿಂದ ಬಾಡಿ ಅರ್ತ್. ಡಯೋಡ್ 85 ಮತ್ತು 86ಕ್ಕೆ ಅಡ್ಡಲಾಗಿ, ಬಿಳಿ ಪಟ್ಟಿ ಇರುವ ತುದಿ 86ಕ್ಕೆ.

ಸ್ವಿಚ್ ಮುಚ್ಚಿದ್ದರೆ (ಅಂದರೆ ಆನ್ ಇದ್ದರೆ) ಇಸಿಯು ಪಂಪ್‌ಗೆ ಕರೆಂಟ್ ಕೊಟ್ಟ ಕೂಡಲೇ ಅದೇ ಕರೆಂಟ್ ನಮ್ಮ ರಿಲೇಯನ್ನು ಎಳೆದು ಪಂಪನ್ನು ಕಡಿಯುತ್ತದೆ. ಕಾಯಿಲ್‌ಗೆ ಬೇರೆ ಇಗ್ನಿಷನ್ ವೈರ್ ಹುಡುಕುವ ಕೆಲಸವಿಲ್ಲ. ಗಾಡಿ ನಿಂತಿದ್ದಾಗ ಬ್ಯಾಟರಿ ಒಂದು ಮಿಲಿ ಆಂಪಿಯರ್ ಕೂಡ ಸೋರುವುದಿಲ್ಲ. ಇಸಿಯು ಕಡೆಯ ಯಾವ ವೈರೂ ಮುಟ್ಟಿಲ್ಲವಾದ್ದರಿಂದ ಅದರ ತಕರಾರೂ ಇಲ್ಲ.

ಫ್ಯೂಸ್_ಮೊದಲು

87ಎ ಸಲಹೆಗೆ ನೂರಕ್ಕೆ ನೂರು ಒಪ್ಪಿಗೆ. ಒಂದು ಕಡೆ ಮಾತ್ರ ತಿದ್ದಬೇಕು.

ಸ್ವಿಚ್ಚನ್ನು ಅರ್ತ್ ಕಡೆ ಹಾಕಿದ್ದೀರಿ. ಮೂರು ಮೀಟರ್ ಸಣ್ಣ ವೈರ್ ಕಾರ್ಪೆಟ್ ಕೆಳಗೆ, ಸೀಟಿನ ರೈಲ್ ಪಕ್ಕ ಹೋಗುತ್ತದೆ. ಅದರ ಮೈ ಸವೆದು ತಾಮ್ರ ಬಾಡಿಗೆ ತಾಗಿದರೆ ರಿಲೇ ಪಾಲಿಗೆ ಸ್ವಿಚ್ ಮುಚ್ಚಿದಂತೆಯೇ. ಓಡುತ್ತಿರುವ ಇಂಜಿನ್ ನಿಲ್ಲುತ್ತದೆ. ನೀವು ತಪ್ಪಿಸಬೇಕೆಂದ ಅಪಾಯ ಹಿಂಬಾಗಿಲಿಂದ ಒಳಗೆ ಬಂತು.

ಸ್ವಿಚ್ಚನ್ನು ಪ್ಲಸ್ ಕಡೆ ಹಾಕಿ. 30ರಿಂದ ತೆಗೆದ ಸಣ್ಣ ವೈರ್ ಮೊದಲು 2 ಆಂಪಿಯರ್ ಫ್ಯೂಸ್‌ಗೆ, ಅಲ್ಲಿಂದ ಸ್ವಿಚ್, ಸ್ವಿಚ್‌ನಿಂದ 86. 85 ಅನ್ನು ರಿಲೇ ಪಕ್ಕದಲ್ಲೇ ಬಾಡಿಗೆ ಬೋಲ್ಟ್ ಮಾಡಿ, ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ. ಈಗ ವೈರ್ ಎಲ್ಲಿ ಉಜ್ಜಿ ಬಾಡಿಗೆ ತಾಗಿದರೂ ಹೆಚ್ಚೆಂದರೆ ಆ 2 ಆಂಪಿಯರ್ ಫ್ಯೂಸ್ ಹೋಗುತ್ತದೆ, ಗಾಡಿ ಓಡುತ್ತಲೇ ಇರುತ್ತದೆ. ಕಾಯಿಲ್ ಸುಮಾರು 90 ಓಮ್ ಇರುತ್ತದೆ, 14 ವೋಲ್ಟ್‌ಗೆ 0.16 ಆಂಪಿಯರ್ ಆಯಿತು. 2 ಆಂಪಿಯರ್ ಧಾರಾಳ. ಫ್ಯೂಸ್ 30ರ ಹತ್ತಿರವೇ, ಒಂದು ಗೇಣಿನೊಳಗೆ ಇರಲಿ. ಸ್ವಿಚ್ ಹತ್ತಿರ ಹಾಕಿದರೆ ನಡುವಿನ ವೈರಿಗೆ ರಕ್ಷಣೆಯೇ ಇಲ್ಲ, ಅಲ್ಲಿ ಶಾರ್ಟ್ ಆದರೆ ಪಂಪ್‌ನ ಮೂಲ ಫ್ಯೂಸೇ ಹೋಗಿ ಗಾಡಿ ನಿಲ್ಲುತ್ತದೆ.

ಇದರ ಬೆಲೆ ಏನೆಂದರೆ, ಫ್ಯೂಸ್ ಹೋದದ್ದು ನಿಮಗೆ ಗೊತ್ತಾಗುವುದಿಲ್ಲ. ಸ್ವಿಚ್ ಹಾಕಿದ್ದೀರಿ ಅಂದುಕೊಂಡಿರುತ್ತೀರಿ, ರಕ್ಷಣೆ ಇರುವುದಿಲ್ಲ. ವಾರಕ್ಕೊಮ್ಮೆ ಸ್ವಿಚ್ ಹಾಕಿಯೇ ಸ್ಟಾರ್ಟ್ ಮಾಡಿ, ಇಂಜಿನ್ ನಿಲ್ಲುತ್ತದೆಯೇ ನೋಡಿ. ಡಯೋಡ್ ತಿರುಗಿಸಿ ಹಾಕಿದರೂ ಇದೇ ಲಕ್ಷಣ: ಮೊದಲ ಸಲ ಸ್ವಿಚ್ ಒತ್ತಿದಾಗಲೇ ಫ್ಯೂಸ್ ಹೋಗುತ್ತದೆ.

ರಿಲೇ_87

ತಿದ್ದಿದ್ದಕ್ಕೆ ಧನ್ಯವಾದ, ನಿಮ್ಮದೇ ಸರಿ. ಓಮ್ನಿಯವರೇ, ಪ್ಲಸ್ ಕಡೆಯೇ ಸ್ವಿಚ್ ಹಾಕಿ. ನನ್ನ ಕ್ರಮ ಬಿಟ್ಟುಬಿಡಿ.

ಬೀದಿಬದಿ_ಓಮ್ನಿ

ಇಬ್ಬರಿಗೂ ಧನ್ಯವಾದ ಸರ್. ಪಂಪ್ ವೈರ್ ಸಿಕ್ಕಿತು. ಓಡುವಾಗ 13.9 ವೋಲ್ಟ್, ಮೀಟರನ್ನು ಸರಣಿಯಲ್ಲಿ ಹಾಕಿ ಅಳೆದರೆ 4.2 ಆಂಪಿಯರ್. ರಿಲೇ ಕಾಯಿಲ್ 88 ಓಮ್. ಪ್ಲಸ್ ಕಡೆ ಸ್ವಿಚ್ ಹಾಕಿ ತಾತ್ಕಾಲಿಕವಾಗಿ ಜೋಡಿಸಿ ನೋಡಿದೆ. ಪೆಟ್ರೋಲ್‌ನಲ್ಲಿ ಆರೇಳು ಸೆಕೆಂಡಿಗೆ ನಿಂತಿತು.

ಆದರೆ ಒಂದು ವಿಷಯ ಮೊದಲೇ ಹೇಳಬೇಕಿತ್ತು. ಗಾಡಿಗೆ ಎಲ್‌ಪಿಜಿ ಕಿಟ್ ಇದೆ, ಆರ್‌ಸಿಯಲ್ಲೂ ದಾಖಲಾಗಿದೆ. ಡ್ಯಾಶ್‌ಬೋರ್ಡಿನ ಬಟನ್ ಗ್ಯಾಸ್ ಕಡೆ ಇಟ್ಟು ಸ್ಟಾರ್ಟ್ ಮಾಡಿದರೆ ಸೀಕ್ರೆಟ್ ಸ್ವಿಚ್ ಹಾಕಿದ್ದರೂ ಇಂಜಿನ್ ಆರಾಮಾಗಿ ಓಡುತ್ತದೆ. ಪಂಪ್ ರಿಲೇ ಸ್ವಿಚ್ಚಿನಿಂದಲೇ ಇನ್ನೊಂದು ವೈರ್ ಎಳೆದು ಗ್ಯಾಸ್ ವಾಲ್ವನ್ನೂ ಕತ್ತರಿಸಬಹುದೇ?

ರಿಲೇ_87

ಗ್ಯಾಸ್ ಇದ್ದರೆ ಪೆಟ್ರೋಲ್ ಪಂಪ್ ಕಡಿಯುವುದು ಅರ್ಧ ಕೆಲಸ ಮಾತ್ರ. ಕಳ್ಳನ ಕಣ್ಣಿಗೆ ಆ ಚೇಂಜ್‌ಓವರ್ ಬಟನ್ ಕಾಣುತ್ತದೆ, ಒತ್ತಿ ನೋಡುತ್ತಾನೆ.

ಗ್ಯಾಸ್ ಕಡೆಗೆ ಇನ್ನೊಂದು ರಿಲೇ ಬೇಕು. ಗ್ಯಾಸ್ ಟ್ಯಾಂಕಿನ ಮಲ್ಟಿವಾಲ್ವ್‌ನಲ್ಲಿ ಒಂದು, ಮುಂದೆ ಫಿಲ್ಟರ್ ಅಥವಾ ವೇಪರೈಸರ್ (ದ್ರವ ಗ್ಯಾಸನ್ನು ಆವಿ ಮಾಡುವ ಭಾಗ) ಬಳಿ ಒಂದು, ಹೀಗೆ ಸಾಲಿನಾಯ್ಡ್‌ಗಳಿರುತ್ತವೆ (ಕರೆಂಟ್ ಬಂದಾಗ ಅಯಸ್ಕಾಂತವಾಗಿ ಎಳೆಯುವ ಸಾಧನ; ಇಲ್ಲಿ ಗ್ಯಾಸ್ ತೆರೆಯುತ್ತದೆ). ಚೇಂಜ್‌ಓವರ್ ಸ್ವಿಚ್ಚಿನಿಂದ ಅಥವಾ ಗ್ಯಾಸ್ ಇಸಿಯುನಿಂದ 12 ವೋಲ್ಟ್ ಹೊರಟು ಎರಡಕ್ಕೂ ಕವಲೊಡೆಯುತ್ತದೆ. ಆ ಕವಲಿಗೆ ಮುಂಚೆ ಕತ್ತರಿಸಿ, ಬರುವ ತುದಿ ಎರಡನೇ ರಿಲೇಯ 30ಕ್ಕೆ, ಹೋಗುವ ತುದಿ 87ಎಗೆ. ಒಂದೊಂದು ಸಾಲಿನಾಯ್ಡ್ ಒಂದು ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ, ರಿಲೇಗೆ ಲೆಕ್ಕವೇ ಅಲ್ಲ. ಮುಟ್ಟುವುದು ವೈರ್ ಮಾತ್ರ. ಗ್ಯಾಸ್ ಪೈಪ್, ನಟ್, ವಾಲ್ವ್ ಏನನ್ನೂ ಸಡಿಲಿಸಬೇಡಿ, ಅದು ಅನುಮತಿ ಪಡೆದ ಗ್ಯಾಸ್ ವರ್ಕ್‌ಶಾಪಿನ ಕೆಲಸ.

ಈಗ ನೀವು ಕೇಳಿದ ಪ್ರಶ್ನೆ. ಒಂದೇ ಸ್ವಿಚ್ಚಿನ ಒಂದೇ ಕಾಲಿಗೆ ಎರಡೂ ರಿಲೇಯ ಫೀಡ್ ಸೇರಿಸಬೇಡಿ, ದಯವಿಟ್ಟು. ಸೇರಿಸಿದರೆ ಆಗುವುದು ಇದು: ಎರಡೂ ಫೀಡ್ ಅವುಗಳದವುಗಳ 30ರಿಂದ ಬಂದಿವೆ. ಎರಡನ್ನೂ ಒಂದು ಕಾಲಿಗೆ ತಿರುಚಿದ ಕೂಡಲೇ ಪಂಪ್ ವೈರೂ ಗ್ಯಾಸ್ ವೈರೂ ಒಂದಕ್ಕೊಂದು ಅಂಟಿಕೊಂಡವು. ಪೆಟ್ರೋಲ್‌ನಲ್ಲಿ ಓಡಿಸುವಾಗ ಪಂಪ್‌ನ 14 ವೋಲ್ಟ್ ಆ ಜೋಡಣೆ ಮೂಲಕ ಗ್ಯಾಸ್ ಸಾಲಿನಾಯ್ಡ್‌ಗೂ ಹೋಗುತ್ತದೆ, ಗ್ಯಾಸ್ ತೆರೆಯುತ್ತದೆ. ಎರಡೂ ಇಂಧನ ಒಟ್ಟಿಗೆ ಒಳಗೆ. ಸ್ವಿಚ್ ಮುಚ್ಚಿದಾಗ ಎರಡೂ ಕಡಿದು ಸರಿಯಾಗಿಯೇ ಕಾಣುತ್ತದೆ, ತೆರೆದು ಓಡಿಸುವಾಗ ಮಾತ್ರ ತೊಂದರೆ. ಅದಕ್ಕೇ ಈ ತಪ್ಪು ಹುಡುಕುವುದು ಕಷ್ಟ.

ಆರು ಕಾಲಿನ ಟಾಗಲ್ ತನ್ನಿ. ಎರಡು ಸಾಲು, ಸಾಲಿಗೆ ಮೂರು ಕಾಲು. ಮೊದಲ ಸಾಲಿನ ನಡುಕಾಲಿಗೆ ಪಂಪ್ ಫೀಡ್, ಪಕ್ಕದ ಕಾಲಿನಿಂದ ನಾವು ಹಾಕಿದ ಪಂಪ್ ರಿಲೇಯ 86. ಎರಡನೇ ಸಾಲಿನ ನಡುಕಾಲಿಗೆ ಗ್ಯಾಸ್ ಫೀಡ್, ಅದೇ ಬದಿಯ ಕಾಲಿನಿಂದ ಗ್ಯಾಸ್ ರಿಲೇಯ 86. ಎರಡಕ್ಕೂ ಬೇರೆ ಬೇರೆ 2 ಆಂಪಿಯರ್ ಫ್ಯೂಸ್, ಬೇರೆ ಬೇರೆ ಡಯೋಡ್. ಒಂದೇ ಗುಂಡಿ ಒತ್ತಿದರೆ ಎರಡೂ ಕಡಿಯುತ್ತವೆ, ವೈರುಗಳು ಎಲ್ಲೂ ಸೇರುವುದಿಲ್ಲ. ಮುಗಿದ ಮೇಲೆ ಪರೀಕ್ಷೆ: ಪೆಟ್ರೋಲ್‌ನಲ್ಲಿ ಓಡಿಸುತ್ತಾ ಗ್ಯಾಸ್ ರಿಲೇಯ 30ರಲ್ಲಿ ಮೀಟರ್ ಸೊನ್ನೆ ತೋರಿಸಬೇಕು.

ಸೆಲ್ಫ್_ಮೋಟರ್

ಪಂಪ್ ಕಡಿಯುವುದಕ್ಕೆ ಒಂದು ಕೊರತೆ ಇದೆ: ಪ್ರತಿ ರಾತ್ರಿ ನೆನಪಿಟ್ಟು ಸ್ವಿಚ್ ಹಾಕಬೇಕು. ಮರೆತ ರಾತ್ರಿ ಅದು ಇದ್ದೂ ಇಲ್ಲದಂತೆ. ಹಾಗಾಗಿ ಸೆಲ್ಫ್ ಲೈನಿನಲ್ಲಿ ಎರಡನೆಯದು, ತಾನಾಗಿ ಕಾಯುವಂಥದ್ದು, ಇರಲಿ ಅನ್ನುತ್ತೇನೆ. ಇಲ್ಲಿ ರಿಲೇ ಕೈಕೊಟ್ಟರೂ ಓಡುವ ಇಂಜಿನ್‌ಗೆ ಏನೂ ಆಗುವುದಿಲ್ಲ. ಆದ್ದರಿಂದ ಪಂಪ್‌ನಲ್ಲಿ ಬೇಡವೆಂದ ಜೋಡಣೆಯನ್ನು ಇಲ್ಲಿ ಧೈರ್ಯವಾಗಿ ಮಾಡಬಹುದು.

ಕೀ ಸ್ವಿಚ್ಚಿನಿಂದ ಸೆಲ್ಫ್ ಮೋಟರಿನ ಸಾಲಿನಾಯ್ಡ್‌ಗೆ ಹೋಗುವ ವೈರ್ ಕತ್ತರಿಸಿ. ಕೀ ಕಡೆಯ ತುದಿ ರಿಲೇಯ 30ಕ್ಕೆ, ಸಾಲಿನಾಯ್ಡ್ ಕಡೆಯದು ಈ ಸಲ 87ಕ್ಕೆ. 30ರಿಂದ ಫ್ಯೂಸ್, ಫ್ಯೂಸ್‌ನಿಂದ ಒಂದು ರೀಡ್ ಸ್ವಿಚ್, ಅಲ್ಲಿಂದ 86. 85 ಬಾಡಿಗೆ. ರೀಡ್ ಸ್ವಿಚ್ ಅಂದರೆ ಬೆರಳುಗುರಿನಷ್ಟು ಉದ್ದದ ಗಾಜಿನ ನಳಿಗೆ, ಒಳಗೆ ಎರಡು ತೆಳು ತಗಡು. ಅಯಸ್ಕಾಂತ ಹತ್ತಿರ ಬಂದರೆ ಅವು ಕೂಡುತ್ತವೆ. ಇದನ್ನು ಯಾವುದಾದರೂ ಪ್ಲಾಸ್ಟಿಕ್ ಪ್ಯಾನೆಲಿನ ಹಿಂದೆ ಅಂಟಿಸಿ. ಮೇಲೆ ರಂಧ್ರವಿಲ್ಲ, ಗುಂಡಿಯಿಲ್ಲ, ಏನೂ ಕಾಣುವುದಿಲ್ಲ. ಕೀ ಗೊಂಚಲಿನ ಸಣ್ಣ ನಿಯೋಡಿಮಿಯಂ ಅಯಸ್ಕಾಂತವನ್ನು ಎಡಗೈಲಿ ಆ ಜಾಗಕ್ಕೆ ಹಿಡಿದು ಬಲಗೈಲಿ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ. ಇಲ್ಲದಿದ್ದರೆ ಟಕ್ ಅನ್ನುವ ಸದ್ದೂ ಇಲ್ಲ. ಜಾಗ ಹುಡುಕಿ ಎರಡನೇ ಕೀಗೂ ಒಂದು ಅಯಸ್ಕಾಂತ ಕಟ್ಟಿ ಮನೆಯಲ್ಲಿಡಿ.

ರೀಡ್ ಸ್ವಿಚ್ ಸಾಮಾನ್ಯವಾಗಿ ಅರ್ಧ ಆಂಪಿಯರ್‌ನದು, ಕಾಯಿಲ್ ಎಳೆಯುವುದು 0.16. ಸಾಕು. ಆದರೆ ಡಯೋಡ್ ಹಾಕದಿದ್ದರೆ ಕಾಯಿಲ್ ಬಿಡುವಾಗಿನ ಹಿಮ್ಮುಖ ಹೊಡೆತಕ್ಕೆ ಆ ತೆಳು ತಗಡುಗಳ ನಡುವೆ ಕಿಡಿ ಹಾರುತ್ತದೆ. ಕೆಲವು ವಾರಗಳಲ್ಲಿ ಎರಡೂ ಬೆಸೆದು ಅಂಟಿಕೊಳ್ಳುತ್ತವೆ. ಆಮೇಲೆ ಅಯಸ್ಕಾಂತ ಇಲ್ಲದೆಯೂ ಗಾಡಿ ಹತ್ತುತ್ತದೆ, ನಿಮಗೆ ತಿಳಿಯುವುದೇ ಇಲ್ಲ. ಕಾಲು ಬಗ್ಗಿಸುವಾಗ ಗಾಜಿನ ಬುಡದಲ್ಲಿ ಬಗ್ಗಿಸಿದರೆ ನಳಿಗೆ ಸೀಳುತ್ತದೆ. ಮೂರು ಮಿ.ಮೀ. ಬಿಟ್ಟು, ಚಿಮುಟದಲ್ಲಿ ಹಿಡಿದು ಬಗ್ಗಿಸಿ.

ಸಾಲಿನಾಯ್ಡ್ ಎಳೆಯುವ ಗಳಿಗೆಯಲ್ಲಿ ಹತ್ತು ಇಪ್ಪತ್ತು ಆಂಪಿಯರ್ ಬೇಕಾಗುತ್ತದೆ, ಹಾಗಾಗಿ ಈ ಲೈನಿಗೆ 1.5 ಸಾಲದು, 2.5 ಚದರ ಮಿ.ಮೀ. ಹಾಕಿ. ಅಗ್ಗದ ರಿಲೇಯೂ ಇಲ್ಲಿ ಬೇಡ. ಕಾಂಟ್ಯಾಕ್ಟ್ ಬೆಸೆದುಕೊಂಡರೆ ಈ ರಕ್ಷಣೆ ಸದ್ದಿಲ್ಲದೆ ಸಾಯುತ್ತದೆ.

ಇದಕ್ಕೂ ಮಿತಿ ಇದೆ. ಸೆಲ್ಫ್ ಇಲ್ಲದಿದ್ದರೂ ಗೇರ್ ಗಾಡಿಯನ್ನು ಇಬ್ಬರು ತಳ್ಳಿ ಸೆಕೆಂಡ್ ಗೇರಿನಲ್ಲಿ ಹತ್ತಿಸಬಹುದು. ಅಲ್ಲಿ ಪಂಪ್ ಮತ್ತು ಗ್ಯಾಸ್ ಕಟ್‌ಆಫ್ ಕೆಲಸಕ್ಕೆ ಬರುತ್ತದೆ. ಎರಡು ಬೇರೆ ಜಾಗ, ಎರಡು ಬೇರೆ ಬಗೆ, ಹಾಗಿದ್ದರೆ ಒಂದು ಸಿಕ್ಕವನಿಗೆ ಇನ್ನೊಂದು ಸಿಗುವುದಿಲ್ಲ.

ಘಾಟಿ_ಬೊಲೆರೊ

ಡೀಸೆಲ್ ಗಾಡಿಯವರೂ ಓದುತ್ತಿರುತ್ತಾರೆ ಅಂತ ಒಂದೆರಡು ಮಾತು. ಹಳೆಯ ರೋಟರಿ ಪಂಪ್ ಇಂಜಿನ್‌ಗಳಲ್ಲಿ ಪಂಪ್ ಮೇಲೆ ಒಂದೇ ವೈರಿನ ಸ್ಟಾಪ್ ಸಾಲಿನಾಯ್ಡ್ ಇರುತ್ತದೆ. ಇಂಜಿನ್ ಓಡುವಾಗ ಅಲ್ಲಿ 12 ವೋಲ್ಟ್ ಇದ್ದರೆ ಅದೇ ವೈರನ್ನು ಮೇಲಿನ 87ಎ ಕ್ರಮದಲ್ಲಿ ಮುರಿಯಬಹುದು. ನಿಲ್ಲಿಸುವಾಗ ಮಾತ್ರ ವೋಲ್ಟ್ ಬರುವ ಬಗೆಯೂ ಇದೆ, ಕೇಬಲ್ ಎಳೆದು ನಿಲ್ಲಿಸುವುದೂ ಇದೆ. ಅಂಥದ್ದಕ್ಕೆ ಈ ಕ್ರಮ ನಡೆಯುವುದಿಲ್ಲ.

ಕಾಮನ್ ರೈಲ್ ಇಂಜಿನ್ (ಇಸಿಯು ನಡೆಸುವ, ಹೈಪ್ರೆಷರ್ ಇಂಜೆಕ್ಷನ್ ಇರುವ ಡೀಸೆಲ್) ಆದರೆ ಡೀಸೆಲ್ ಕಡೆಗೆ ತಲೆ ಹಾಕಲೇಬೇಡಿ. ಹೈಪ್ರೆಷರ್ ಪಂಪ್‌ನ ಒಳಭಾಗಗಳಿಗೆ ಡೀಸೆಲ್ಲೇ ಎಣ್ಣೆ. ಟ್ಯಾಂಕಿನ ಫೀಡ್ ಪಂಪ್ ಕಡಿದು ಯಾರೋ ಸೆಲ್ಫ್ ಹೊಡೆಯುತ್ತಾ ಕೂತರೆ ಅದು ಒಣಗಿ ಉಜ್ಜಿ ಲೋಹದ ಪುಡಿ ಇಂಜೆಕ್ಟರ್‌ವರೆಗೂ ಹೋಗುತ್ತದೆ. ಅಲ್ಲಿ ಸೆಲ್ಫ್ ಲೈನ್ ಒಂದೇ ದಾರಿ.

ಮಲೆನಾಡು, ಕರಾವಳಿಯವರಿಗೆ: ರಿಲೇಯನ್ನು ನೆಲದ ಕಾರ್ಪೆಟ್ ಕೆಳಗೆ ಮಲಗಿಸಬೇಡಿ. ಮಳೆಗಾಲದಲ್ಲಿ ಚಪ್ಪಲಿ ನೀರು ಅಲ್ಲೇ ಇಳಿಯುತ್ತದೆ, ಆಗಸ್ಟ್ ಹೊತ್ತಿಗೆ ಟರ್ಮಿನಲ್ ಹಸಿರು ಹಿಡಿದಿರುತ್ತದೆ. ಕಾಲುಗಳು ಕೆಳಮುಖವಾಗಿ ಇರುವಂತೆ ಎತ್ತರದಲ್ಲಿ ಸ್ಕ್ರೂ ಮಾಡಿ, ನೀರು ಬಿದ್ದರೂ ಸಾಕೆಟ್ಟಿನಲ್ಲಿ ನಿಲ್ಲದೆ ಇಳಿದುಹೋಗುತ್ತದೆ. ಇಲಿ ಕಾಟ ಇರುವಲ್ಲಿ ವೈರಿಗೆ ಕೊರುಗೇಟೆಡ್ ಸ್ಲೀವ್ ಹಾಕಿ.

ಫ್ಯೂಸ್_ಮೊದಲು

ಅಡಗಿಸುವ ಜಾಗದ ಬಗ್ಗೆ ಯಾರೂ ಹೇಳಿಲ್ಲ. ಸ್ಟಿಯರಿಂಗ್ ಕೆಳಗೆ, ಫ್ಯೂಸ್ ಬಾಕ್ಸ್ ಅಕ್ಕಪಕ್ಕ, ಗ್ಲೋವ್ ಬಾಕ್ಸ್ ಒಳಗೆ, ಡ್ರೈವರ್ ಸೀಟಿನ ಅಡಿ: ಈ ನಾಲ್ಕು ಕಡೆ ಕೈ ತಾನಾಗಿ ಹೋಗುತ್ತದೆ, ಅಲ್ಲಿ ಬೇಡ. ಓಮ್ನಿಯ ಇಂಜಿನ್ ಮುಂದಿನ ಸೀಟುಗಳ ಕೆಳಗೇ ಇರುವುದರಿಂದ ಅಲ್ಲಿನ ಬಿಸಿಗೆ ಸ್ವಿಚ್ಚೂ ಟೇಪೂ ಎರಡೂ ಬಾಳುವುದಿಲ್ಲ. ಸೀಟ್ ಬೆಲ್ಟ್ ಹಾಕಿಕೊಂಡು ಕೂತಲ್ಲಿಂದ ಕಣ್ಣು ಹಾಯಿಸದೆ ಬೆರಳು ಮುಟ್ಟಬೇಕು, ಪಕ್ಕದವರ ಮೊಣಕಾಲು ತಾಗಬಾರದು, ಮಕ್ಕಳು ಒದೆಯುವ ಜಾಗ ಆಗಬಾರದು. ಕೆಲಸವಿಲ್ಲದೆ ಬಿದ್ದಿರುವ ಕಂಪನಿಯ ಸ್ವಿಚ್ ಇದ್ದರೆ ಅದನ್ನೇ ಬಳಸುವುದು ಎಲ್ಲಕ್ಕಿಂತ ಒಳ್ಳೆಯ ಅಡಗುತಾಣ. ಎದುರಿಗೇ ಇದ್ದರೂ ಯಾರೂ ಅನುಮಾನಿಸುವುದಿಲ್ಲ. ಹೊಸ ಗಾಡಿಯವರಿಗೆ ಒಂದು ಎಚ್ಚರಿಕೆ: ಹಳದಿ ಸ್ಲೀವ್, ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್‌ನದು, ಮೀಟರ್ ಕೂಡ ಇಡಬೇಡಿ.

ನೀವು ಆರಿಸಿದ ಜಾಗವನ್ನು ಇಲ್ಲಿ ಬರೆಯಬೇಡಿ, ಫೋಟೊ ಹಾಕಬೇಡಿ. ಸರ್ವೀಸ್‌ಗೆ ಬಿಡುವಾಗ ಸ್ವಿಚ್ ಆಫ್ ಮಾಡಿ ಕೊಡಿ, ಇದೆ ಅಂತ ಹೇಳುವ ಅಗತ್ಯವಿಲ್ಲ.

ಪಾಲಿಸಿ_ಪುಟ

ಇನ್ಶೂರೆನ್ಸ್ ರಿಯಾಯಿತಿ ಸಿಗುತ್ತದೆಯೇ ಅಂತ ಮುಂದೆ ಯಾರಾದರೂ ಕೇಳುತ್ತಾರೆ. ಮನೆಯಲ್ಲಿ ಮಾಡಿದ ಸ್ವಿಚ್‌ಗೆ ಇಲ್ಲ. ಮೋಟಾರ್ ಟ್ಯಾರಿಫ್‌ನಲ್ಲಿದ್ದ 2.5 ಶೇಕಡಾ, ಗರಿಷ್ಠ 500 ರೂಪಾಯಿ ರಿಯಾಯಿತಿ ಪುಣೆಯ ಎಆರ್‌ಎಐ (ವಾಹನ ಸಂಶೋಧನಾ ಸಂಸ್ಥೆ) ಒಪ್ಪಿದ ಸಾಧನಕ್ಕೆ, ಅದೂ ಪ್ರೀಮಿಯಂನ ಓನ್ ಡ್ಯಾಮೇಜ್ (ಸ್ವಂತ ಗಾಡಿಯ ಹಾನಿ) ಭಾಗಕ್ಕೆ ಮಾತ್ರ. ವಾರಂಟಿ ಉಳಿದಿರುವ ಗಾಡಿಯಾದರೆ ವೈರ್ ಕತ್ತರಿಸುವ ಮುಂಚೆ ಯೋಚಿಸಿ, ಆಮೇಲೆ ಬರುವ ಯಾವ ಎಲೆಕ್ಟ್ರಿಕಲ್ ದೂರಿಗೂ ಅದನ್ನೇ ತೋರಿಸುತ್ತಾರೆ.

ಸ್ವಿಚ್ ಇದೆ ಅಂತ ಎರಡನೇ ಕೀ ಗಾಡಿಯಲ್ಲೇ ಬಿಡಬೇಡಿ. ಕಳವಿನ ಕ್ಲೇಮ್‌ನಲ್ಲಿ ಎಲ್ಲ ಕೀಗಳನ್ನೂ ಕೇಳುತ್ತಾರೆ, ಎಫ್‌ಐಆರ್ ಜೊತೆಗೆ ಗಾಡಿ ಪತ್ತೆಯಾಗಿಲ್ಲವೆಂಬ ಪೊಲೀಸರ ಸಿ ರಿಪೋರ್ಟ್ ಕೂಡ ಬೇಕಾಗುತ್ತದೆ. ಗಾಡಿಯನ್ನೇ ಎತ್ತಿ ಸಾಗಿಸುವವರಿಗೆ, ಸೈಲೆನ್ಸರ್ ಮಾತ್ರ ಬಿಚ್ಚುವವರಿಗೆ ಈ ಸ್ವಿಚ್ ಅಡ್ಡಿಯಲ್ಲ. ಸ್ಟಿಯರಿಂಗ್ ಲಾಕ್ ರಾಡ್ ಜೊತೆಗೆ ಇರಲಿ. ಅದು ಕಣ್ಣಿಗೆ ಕಾಣುವುದರಿಂದಲೇ ಉಪಯೋಗ.

ಬೀದಿಬದಿ_ಓಮ್ನಿ

ಎರಡು ರಿಲೇ, ಆರು ಕಾಲಿನ ಟಾಗಲ್ ಹಾಕಿ ಮುಗಿಸಿದೆ. ಪೆಟ್ರೋಲ್‌ನಲ್ಲಿ ಓಡುವಾಗ ಗ್ಯಾಸ್ ರಿಲೇಯ 30ರಲ್ಲಿ ಸೊನ್ನೆ. ಸ್ವಿಚ್ ಹಾಕಿದರೆ ಎರಡರಲ್ಲೂ ನಿಲ್ಲುತ್ತದೆ. ಆದರೆ ಪೆಟ್ರೋಲ್‌ನಲ್ಲಿ ದಿಣ್ಣೆ ಏರುವಾಗ ಎಳೆತ ಸ್ವಲ್ಪ ಕಡಿಮೆ ಅನ್ನಿಸುತ್ತದೆ. ಗ್ಯಾಸ್‌ನಲ್ಲಿ ಇಲ್ಲ. ಇಂಜಿನ್ ಓಡುವಾಗ ಮೀಟರಿನ ಒಂದು ಕಡ್ಡಿ ರಿಲೇಗೆ ಬರುವ ಹಳೆ ವೈರಿನ ಮೇಲೆ, ಇನ್ನೊಂದು ಪಂಪ್‌ಗೆ ಹೋಗುವ ಹಳೆ ವೈರಿನ ಮೇಲೆ ಇಟ್ಟರೆ 0.7 ವೋಲ್ಟ್ ತೋರಿಸುತ್ತದೆ.

ರಿಲೇ_87

0.7 ಬಹಳ ಆಯಿತು. 1.5ರ ತಾಮ್ರದ ವೈರ್ ಮೀಟರಿಗೆ ಸುಮಾರು 0.012 ಓಮ್. ನಿಮ್ಮ 4.2 ಆಂಪಿಯರ್‌ಗೆ ಒಂದು ಮೀಟರ್ ವೈರ್ ನುಂಗುವುದು 0.05 ವೋಲ್ಟ್ ಮಾತ್ರ. ರಿಲೇ ಕಾಂಟ್ಯಾಕ್ಟ್ ಸೇರಿದರೂ 0.2 ದಾಟಬಾರದು. ಉಳಿದದ್ದು ಯಾವುದೋ ಒಂದು ಜೋಡಣೆಯಲ್ಲಿ ಬಿಸಿಯಾಗಿ ಹೋಗುತ್ತಿದೆ.

ಮೀಟರಿನ ಎರಡು ಕಡ್ಡಿಗಳನ್ನು ಒಂದೊಂದೇ ಜೋಡಣೆಯ ಎರಡು ಬದಿಗೆ ಇಡುತ್ತಾ ಹೋಗಿ: ಮೊದಲ ಬಟ್ ಕನೆಕ್ಟರ್, ಸಾಕೆಟ್ಟಿನ 30, ರಿಲೇ ಒಳಗಿನ 30ರಿಂದ 87ಎ, ಸಾಕೆಟ್ಟಿನ 87ಎ, ಕೊನೆಯ ಬಟ್ ಕನೆಕ್ಟರ್. ಹೆಚ್ಚು ತೋರಿಸಿದ ಕಡೆ ಬೆರಳಿಟ್ಟರೆ ಬೆಚ್ಚಗಿರುತ್ತದೆ. ಸಾಮಾನ್ಯವಾಗಿ ತಪ್ಪು ಹಳೆ ವೈರಿನ ಕಡೆಯ ಕ್ರಿಂಪ್‌ನಲ್ಲಿರುತ್ತದೆ. ಹಳೆ ತಾಮ್ರ ಕಪ್ಪಗಾಗಿರುತ್ತದೆ, ಆ ಕಪ್ಪಿನ ಮೇಲೆಯೇ ಕ್ರಿಂಪ್ ಮಾಡಿದರೆ ಗಟ್ಟಿಯಾಗಿ ಹಿಡಿದರೂ ಕರೆಂಟ್ ಸರಿಯಾಗಿ ಹಾಯುವುದಿಲ್ಲ. ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ಒಂದೆರಡು ಸೆಂ.ಮೀ. ಹಿಂದಕ್ಕೆ ಸುಲಿದು, ಹೊಸ ಕನೆಕ್ಟರ್ ಹಾಕಿ. ಕ್ರಿಂಪ್ ಆದಮೇಲೆ ಎರಡೂ ಕಡೆ ಹಿಡಿದು ಜೋರಾಗಿ ಎಳೆಯಿರಿ. ಜಾರಿ ಬಂದರೆ ಈಗಲೇ ಬರಲಿ.

ಬೀದಿಬದಿ_ಓಮ್ನಿ

ಪಂಪ್ ಕಡೆಯ ಕ್ರಿಂಪ್ ಒಂದರಲ್ಲೇ 0.55 ಇತ್ತು. ಸುಲಿದರೆ ತಾಮ್ರ ಇದ್ದಿಲಿನಂತೆ ಕಪ್ಪಾಗಿತ್ತು. ಮೂರು ಸೆಂ.ಮೀ. ಹಿಂದೆ ಹೋದಮೇಲೆ ಕೆಂಪು ತಾಮ್ರ ಸಿಕ್ಕಿತು. ಈಗ ಒಟ್ಟು 0.14 ವೋಲ್ಟ್, ದಿಣ್ಣೆಯಲ್ಲಿ ಎಳೆತವೂ ಮೊದಲಿನಂತಿದೆ. ಮುಂದಿನ ಭಾನುವಾರ ಸೆಲ್ಫ್ ಲೈನಿನ ರೀಡ್ ಸ್ವಿಚ್ ಕೆಲಸ. 2.5ರ ವೈರೂ ಒಳ್ಳೆಯ ರಿಲೇಯೂ ತಂದಿಟ್ಟಿದ್ದೇನೆ.